ಗ್ಯಾಸ್ ಒಲೆ: ಯಾವುದಕ್ಕೆ ನಾವೇ ಕೈ ಹಾಕಬೇಕು, ಯಾವುದಕ್ಕೆ ಹಾಕಬಾರದು

"ಗ್ಯಾಸ್ ಕಂಪನಿಯಿಂದ ಬಂದಿದ್ದೀವಿ, ಒಲೆ ಚೆಕ್ ಮಾಡಬೇಕು" ಅಂತ ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಮನೆ ಮನೆ ಸುತ್ತುವವರು ನಮ್ಮ ಬಡಾವಣೆಗೆ ಮತ್ತೆ ಬರುತ್ತಿದ್ದಾರೆ. ವಯಸ್ಸಾದವರು ಮಾತ್ರ ಮನೆಯಲ್ಲಿರುವ ಹೊತ್ತು ನೋಡಿಕೊಂಡೇ ಬರುತ್ತಾರೆ. ಪಕ್ಕದ ಮನೆಯ ಅಜ್ಜಿಗೆ "ಪೈಪು ಪೂರ್ತಿ ಹೋಗಿದೆ ಅಮ್ಮ, ರಾತ್ರಿ ಏನಾದರೂ ಆದರೆ ನಮ್ಮನ್ನ ಕೇಳಬೇಡಿ" ಅಂದರಂತೆ. ಅಜ್ಜಿ ಹೆದರಿ ಪೈಪು, ಬರ್ನರ್, ಲೈಟರ್ ಎಲ್ಲಕ್ಕೂ ದುಡ್ಡು ಕೊಟ್ಟು ಕಳಿಸಿದ್ದಾರೆ. ಸಂಜೆ ನಾನು ಹೋಗಿ ಮೂಲೆಯಲ್ಲಿ ಬಿದ್ದಿದ್ದ ಹಳೇ ಪೈಪನ್ನು ತಿರುಗಿಸಿ ನೋಡಿದೆ. ಕಿತ್ತಳೆ ಬಣ್ಣದ ಸುರಕ್ಷಾ ಪೈಪು, ಮೇಲಿದ್ದ ವರ್ಷದ ಪ್ರಕಾರ ಅದರ ಅರ್ಧ ಆಯಸ್ಸು ಇನ್ನೂ ಬಾಕಿ ಇತ್ತು. ಹೊಸದಾಗಿ ಹಾಕಿಹೋದ ಪೈಪಿನ ಮೇಲೆ ಐಎಸ್‌ಐ ಗುರುತೂ ಇಲ್ಲ, ವರ್ಷವೂ ಇಲ್ಲ.

ಅಂದರೆ ಸರಿಯಾಗಿದ್ದನ್ನು ತೆಗೆದು ಅಪಾಯ ಇರೋದನ್ನು ಹಾಕಿ ಹೋಗಿದ್ದಾರೆ, ಅದೂ ಸುರಕ್ಷತೆಯ ಹೆಸರಲ್ಲಿ. ಅವತ್ತಿಂದ ಇದನ್ನು ಬರೆಯಬೇಕು ಅಂತ ಮನಸ್ಸಲ್ಲಿತ್ತು.

ನಾನು ಹೇಳೋದು ಇಷ್ಟೇ. ಗ್ಯಾಸ್ ಒಲೆಯಲ್ಲಿ ಒಂದು ಗೆರೆ ಇದೆ, ಆ ಗೆರೆ ಎಲ್ಲಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು. ಮೇಲೆ ಕಾಣುವ ಬರ್ನರ್, ಸ್ಟ್ಯಾಂಡು, ಟ್ರೇ ಇವೆಲ್ಲ ನಮ್ಮ ಕೆಲಸ. ನಾಬಿನ ಒಳಗಿನಿಂದ ಹಿಡಿದು ಸಿಲಿಂಡರ್‌ವರೆಗೆ ನಮ್ಮದು ಕಣ್ಣಿಟ್ಟು ನೋಡುವ ಕೆಲಸ ಮಾತ್ರ. ಬಿಚ್ಚೋದು ಏಜೆನ್ಸಿಯ ಮೆಕ್ಯಾನಿಕ್ ಕೆಲಸ. ನಮ್ಮಲ್ಲಿ ಇದು ಉಲ್ಟಾ ಆಗಿದೆ. ಬರ್ನರ್ ತೊಳೆಯೋದಕ್ಕೆ ಬೀದಿಯಲ್ಲಿ ಹೋಗುವವರನ್ನು ಕರೀತೀವಿ, ರೆಗ್ಯುಲೇಟರ್ ಕೂರದಿದ್ದರೆ ನಾವೇ ಗುದ್ದಿ ಕೂರಿಸ್ತೀವಿ.

ಮೊದಲು ಉರಿಯ ವಿಷಯ. ಇವತ್ತು ಅಡುಗೆಮನೆಯ ಲೈಟು ಆರಿಸಿ ಒಲೆ ಹಚ್ಚಿ ಸ್ವಲ್ಪ ಹೊತ್ತು ಸುಮ್ನೆ ನೋಡಿ. ಉರಿ ನೀಲಿಯಾಗಿ, ಸುತ್ತಲೂ ಒಂದೇ ಎತ್ತರಕ್ಕೆ, ಪ್ರತಿ ತೂತಿನಿಂದಲೂ ಬರುತ್ತಿದ್ದರೆ ಏನೂ ಚಿಂತೆಯಿಲ್ಲ. ತುದಿ ಹಳದಿಯಾಗಿ ಓಲಾಡುತ್ತಿದ್ದರೆ, ಪಾತ್ರೆಯ ತಳ ಮಸಿ ಹಿಡಿಯುತ್ತಿದ್ದರೆ, ಗ್ಯಾಸಿನ ಜೊತೆ ಸಾಕಷ್ಟು ಗಾಳಿ ಸೇರುತ್ತಿಲ್ಲ ಅಂತ ಅರ್ಥ. ಒಲೆಯ ಹೊಟ್ಟೆಯಲ್ಲಿ ಜೆಟ್ ಅಂತ ಪುಟ್ಟ ಹಿತ್ತಾಳೆ ತುಂಡು ಇರುತ್ತದೆ. ಅದರ ಸೂಜಿಮೊನೆಯಷ್ಟು ತೂತಿನಿಂದ ಗ್ಯಾಸ್ ರಭಸವಾಗಿ ನುಗ್ಗುವಾಗ ಪಕ್ಕದ ಕಿಂಡಿಯಿಂದ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ, ಎರಡೂ ನಳಿಗೆಯಲ್ಲಿ ಬೆರೆತು ಮೇಲೆ ಬಂದು ಉರಿಯುತ್ತವೆ. ಆ ದಾರಿಯಲ್ಲಿ ಜಿಡ್ಡು, ಜಿರಲೆ ಮೊಟ್ಟೆ, ಜೇಡರ ಬಲೆ, ಉಕ್ಕಿದ ಹಾಲು, ಏನು ಕೂತರೂ ಉರಿ ಕೆಡುತ್ತದೆ. ಹಾಗಂತ ಬಣ್ಣ ಬದಲಾದ ಕೂಡಲೇ ಗಾಬರಿ ಬೀಳಬೇಡಿ. ಅನ್ನದ ಗಂಜಿ, ಉಪ್ಪು ಹಾಕಿದ ಸಾರು ಉಕ್ಕಿದಾಗ ಕೊಂಚ ಹೊತ್ತು ಕಿತ್ತಳೆ ಬಣ್ಣ ಬಂದರೆ ಅದು ಉಪ್ಪಿನಿಂದ ಬಂದದ್ದು, ತಾನಾಗೇ ಹೋಗುತ್ತದೆ. ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಉರಿ ಮಂಕಾಗಿ ವಾಸನೆ ಸ್ವಲ್ಪ ಜಾಸ್ತಿಯಾಗುವುದೂ ಇದೆ. ಎಲ್‌ಪಿಜಿ ಅಂದರೆ ಪ್ರೊಪೇನ್, ಬ್ಯೂಟೇನ್ ಎರಡರ ಮಿಶ್ರಣ. ಬೇಗ ಆವಿಯಾಗುವ ಪ್ರೊಪೇನ್ ಮೊದಲು ಹೋಗುತ್ತದೆ, ವಾಸನೆಗೆಂದು ಬೆರೆಸಿದ ಮರ್ಕ್ಯಾಪ್ಟನ್ ಕೊನೆಗೆ ಜಾಸ್ತಿ ಉಳಿಯುತ್ತದೆ. ಆದರೆ ಒಲೆ ಆರಿಸಿದ ಮೇಲೂ ವಾಸನೆ ಇದ್ದರೆ ಅದನ್ನು ಸೋರಿಕೆ ಅಂತಲೇ ತಿಳಿಯಿರಿ. ಆ ಕೊನೆಯ ಚೂರು ಗ್ಯಾಸಿಗಾಗಿ ಸಿಲಿಂಡರ್ ಮಲಗಿಸುವವರು, ಬಿಸಿನೀರಲ್ಲಿ ಇಡುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗಬಹುದು, ಆ ದ್ರವ ಗ್ಯಾಸಾದರೆ ಸುಮಾರು 250 ಪಟ್ಟು ಹಿಗ್ಗುತ್ತದೆ.

ಬರ್ನರ್ ತೊಳೆಯೋದು ಕಷ್ಟವೇ ಅಲ್ಲ. ಪೂರ್ತಿ ಆರಿದ ಮೇಲೆ ಎತ್ತಿ ಬಿಸಿನೀರು, ಸೋಪಿನಲ್ಲಿ ನೆನೆಹಾಕಿ. ಹಿತ್ತಾಳೆಯದಾದರೆ ಹುಣಸೆಹಣ್ಣಲ್ಲಿ ತಿಕ್ಕಿ, ದೇವರ ದೀಪ ತಿಕ್ಕಿದ ಹಾಗೆ ಹೊಳೆಯುತ್ತದೆ. ತೂತುಗಳನ್ನು ಒಂದೊಂದಾಗಿ ಪಿನ್ನಿನಿಂದ ಬಿಡಿಸಿ. ದಿನಾ ಜೋಳದ ರೊಟ್ಟಿ ಬಡಿಯುವ ಮನೆಗಳಲ್ಲಿ ಇದನ್ನು ಇನ್ನೂ ಬೇಗ ಬೇಗ ಮಾಡಬೇಕು, ಯಾಕಂದರೆ ರೊಟ್ಟಿಯನ್ನು ನೇರ ಉರಿಗೆ ಹಿಡಿದಾಗ ಉದುರುವ ಹಿಟ್ಟು ತೂತಿನೊಳಗೆ ಇಳಿದು ಸುಟ್ಟು ಗಟ್ಟಿಯಾಗಿಬಿಡುತ್ತದೆ. ತೊಳೆದ ಮೇಲೆ ಬಿಸಿಲಲ್ಲಿ ಒಣಗಿಸಿ. ಒದ್ದೆ ಬರ್ನರ್ ಸರಿಯಾಗಿ ಹತ್ತುವುದಿಲ್ಲ. ವಾಪಸ್ ಇಡುವಾಗ ತನ್ನ ಗುಂಡಿಯಲ್ಲಿ ಸರಿಯಾಗಿ ಕೂತಿದೆಯಾ ಅಂತ ಅಲ್ಲಾಡಿಸಿ ನೋಡಿ. ಓರೆಯಾಗಿ ಕೂತರೆ "ಡಬ್" ಅಂತ ಸದ್ದಾಗಿ ಉರಿ ಒಳಗೆ, ಜೆಟ್ ಹತ್ತಿರವೇ ಹತ್ತಿಕೊಳ್ಳಬಹುದು. ಹಾಗಾದರೆ ತಕ್ಷಣ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಸರಿಯಾಗಿ ಕೂರಿಸಿ ಹಚ್ಚಿ.

ಬರ್ನರಿನ ತೂತಿಗೆ ಪಿನ್ನು ಹಾಕಬಹುದು, ಜೆಟ್ಟಿನ ತೂತಿಗೆ ಖಂಡಿತ ಬೇಡ. ಅದು ಅಳತೆಗೆ ಕೊರೆದ ತೂತು. ಒಂದು ಕೂದಲೆಳೆ ದೊಡ್ಡದಾದರೂ ಗ್ಯಾಸ್ ಜಾಸ್ತಿ ಬಂದು ಉರಿ ಹಳದಿಯಾಗುತ್ತದೆ, ಆಮೇಲೆ ಜೆಟ್ಟನ್ನೇ ಬದಲಾಯಿಸಬೇಕು. ನಾಬ್ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡೋದೂ ಬೇಡ. ಒಳಗೆ ಇರೋದು ಬಿಸಿ ತಡೆಯುವ ಗ್ರೀಸು, ಎಣ್ಣೆ ಅಲ್ಲಿ ಸುಟ್ಟು ಅಂಟಾಗುತ್ತದೆ. ಇವೆರಡಕ್ಕೂ ಮೆಕ್ಯಾನಿಕ್ಕೇ ಬರಲಿ.

ಬೆಂಗಳೂರಿನಲ್ಲಿ ಮನೆ ಬದಲಾಯಿಸುವವರಿಗೆ ಒಂದು ಮಾತು. ಪೈಪ್‌ಲೈನ್ ಗ್ಯಾಸ್ ಇರುವ ಅಪಾರ್ಟ್‌ಮೆಂಟಿನಿಂದ ಸಿಲಿಂಡರ್ ಮನೆಗೆ ಬಂದರೆ ಅದೇ ಒಲೆ ಹಾಗೇ ನಡೆಯುವುದಿಲ್ಲ. ಅಲ್ಲಿ ಬರುವುದು ಮೀಥೇನ್, ಅದಕ್ಕೆ ದೊಡ್ಡ ತೂತಿನ ಜೆಟ್ ಹಾಕಿರುತ್ತಾರೆ. ಅದರಲ್ಲಿ ಎಲ್‌ಪಿಜಿ ಬಿಟ್ಟರೆ ಇಷ್ಟುದ್ದ ಹಳದಿ ಉರಿ ಎದ್ದು ಪಾತ್ರೆಯೆಲ್ಲ ಕಪ್ಪು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಮೊದಲೇ ಜೆಟ್ ಬದಲಾಯಿಸಿಕೊಳ್ಳಿ.

ಗಾಜಿನ ಒಲೆ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಒರೆಸೋದಕ್ಕೆ ಸುಲಭ, ನೋಡೋದಕ್ಕೆ ಚೆಂದ, ಒಪ್ಪುತ್ತೇನೆ. ಆದರೆ ಮುದ್ದೆ ಮಾಡುವ ಮನೆಗೆ ಅದು ಬೇಡ. ಮುದ್ದೆ ತಿರುವುವುದನ್ನು ಹತ್ತಿರದಿಂದ ನೋಡಿದ್ದೀರಾ? ಪಾತ್ರೆಯನ್ನು ಇಕ್ಕಳದಲ್ಲಿ ಒತ್ತಿ ಹಿಡಿದು, ಕೋಲು ಊರಿ, ಇಡೀ ತೋಳಿನ ಬಲ ಹಾಕಿ ತಿರುವುತ್ತಾರೆ. ಆ ಭಾರವೆಲ್ಲ ಸ್ಟ್ಯಾಂಡಿನ ಕಾಲುಗಳ ಮೂಲಕ ಗಾಜಿನ ಮೇಲೆ ಬೀಳುತ್ತದೆ. ಮೇಲಿಂದ ದೊಡ್ಡ ಪಾತ್ರೆ ಇಟ್ಟಾಗ ಬಿಸಿ ಕೆಳಗೆ ಹೊಡೆಯುತ್ತದೆ, ಕಾದ ಗಾಜಿನ ಮೇಲೆ ಯಾರೋ ಒದ್ದೆ ಬಟ್ಟೆ ಎಳೆಯುತ್ತಾರೆ, ಗಟ್ಟಿಗಾಜು ಒಂದೇ ಏಟಿಗೆ ಪುಡಿಪುಡಿ. ಮುದ್ದೆಗೆ, ಹಬ್ಬದ ದೊಡ್ಡ ಅಡುಗೆಗೆ ದಪ್ಪ ಸ್ಟೀಲಿನ ಒಲೆಯೇ ಸರಿ. ಕೊಳ್ಳುವಾಗ ಬರ್ನರ್ ಎಷ್ಟು ಅಂತ ನೋಡುವ ಮೊದಲು ಐಎಸ್‌ಐ ಗುರುತು ನೋಡಿ.

ಇನ್ನು ಗೆರೆಯ ಆಚೆ ಬದಿ. ಇಲ್ಲಿ ನಮ್ಮದು ನೋಡುವ ಕೆಲಸ ಅಂದೆ, ಅದನ್ನಾದರೂ ಸರಿಯಾಗಿ ಮಾಡಬೇಕಲ್ವಾ? ಸಿಲಿಂಡರ್ ಬಂದಾಗ ಸಹಿ ಹಾಕಿ ಒಳಗೆ ಇಡಿಸಿಬಿಡಬೇಡಿ. ಸೀಲ್ ನೋಡಿ. ಮೈಮೇಲೆ ಖಾಲಿ ಸಿಲಿಂಡರಿನ ತೂಕ ಬರೆದಿರುತ್ತದೆ, ಅದಕ್ಕೆ 14.2 ಕೆಜಿ ಕೂಡಿಸಿದರೆ ತುಂಬಿದ ತೂಕ ಬರಬೇಕು. ತಕ್ಕಡಿ ತರಬೇಕಾದ್ದು ಡೆಲಿವರಿಯವರ ಜವಾಬ್ದಾರಿ, ಕೇಳಲು ಸಂಕೋಚ ಬೇಡ. ಹಿಡಿಕೆಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿ ಒಂದು ಅಕ್ಷರ, ಒಂದು ಸಂಖ್ಯೆ ಇರುತ್ತದೆ. 'ಎ' ಅಂದರೆ ಜನವರಿಯಿಂದ ಮಾರ್ಚ್, 'ಬಿ' ಏಪ್ರಿಲಿನಿಂದ ಜೂನ್, 'ಸಿ' ಜುಲೈನಿಂದ ಸೆಪ್ಟೆಂಬರ್, 'ಡಿ' ಅಕ್ಟೋಬರಿನಿಂದ ಡಿಸೆಂಬರ್. ಸಿ-29 ಅಂತಿದ್ದರೆ ಆ ಸಿಲಿಂಡರನ್ನು 2029ರ ಸೆಪ್ಟೆಂಬರ್ ಒಳಗೆ ಮತ್ತೆ ಪರೀಕ್ಷೆಗೆ ಒಳಪಡಿಸಬೇಕು. ಅವಧಿ ಮುಗಿದದ್ದು ಬಂದರೆ ವಾಪಸ್ ಕಳಿಸಿ.

ಇವೆಲ್ಲಕ್ಕಿಂತ ಮುಖ್ಯ, ಕ್ಯಾಪ್ ತೆಗೆದ ಮೇಲೆ ವಾಲ್ವಿನೊಳಗೆ ಕಾಣುವ ಕಪ್ಪು ರಬ್ಬರ್ ವಾಷರ್. ಬೆರಳುಗುರಿನಷ್ಟು ಗಾತ್ರದ್ದು. ಅದು ಹರಿದಿದ್ದರೆ, ಇಲ್ಲವೇ ಇಲ್ಲದಿದ್ದರೆ, ರೆಗ್ಯುಲೇಟರ್ ಎಷ್ಟು ಸರಿಯಾಗಿ ಕೂತರೂ ಪಕ್ಕದಿಂದ ಸೋರುತ್ತದೆ. ಡೆಲಿವರಿಯವರ ಎದುರಿಗೇ ಕ್ಯಾಪ್ ತೆಗೆಸಿ, ವಾಲ್ವಿನ ಬಾಯಿಗೆ ಸ್ವಲ್ಪ ನೀರು ಹಾಕಿಸಿ ನೋಡಿ. ಗುಳ್ಳೆ ಬಂದರೆ ಆ ಸಿಲಿಂಡರ್ ಮನೆಯೊಳಗೆ ಬರಬಾರದು. ರೆಗ್ಯುಲೇಟರ್ ಹಾಕಿದ ಮೇಲೆ ಜೋಡಣೆಯ ಜಾಗಕ್ಕೆಲ್ಲ ಸೋಪಿನ ನೀರು ಸವರಿ ನೋಡಿ. ಬೆಂಕಿಕಡ್ಡಿ ಹಿಡಿದು ಪರೀಕ್ಷೆ ಮಾಡುವವರನ್ನು ಕಂಡರೆ ತಡೆಯಿರಿ.

ಪೈಪಿಗೆ ಬಟ್ಟೆ ಸುತ್ತೋದು, ಪ್ಲಾಸ್ಟಿಕ್ ಹಾಕೋದು ನಮ್ಮ ಮನೆಗಳ ಅಭ್ಯಾಸ. ಜಿಡ್ಡಾಗಬಾರದು ಅಂತ ಮಾಡುತ್ತಾರೆ, ಆದರೆ ಬಿರುಕು ಬಿಟ್ಟರೂ, ಇಲಿ ಕಡಿದರೂ ಕಾಣುವುದೇ ಇಲ್ಲ. ಬಿಚ್ಚಿಹಾಕಿ. ಸುರಕ್ಷಾ ಪೈಪಿನ ಬಾಳಿಕೆ 5 ವರ್ಷ, ವರ್ಷ ಅದರ ಮೇಲೇ ಇರುತ್ತದೆ, ಏಜೆನ್ಸಿಯಲ್ಲೇ ಸಿಗುತ್ತದೆ.

ವಾಸನೆ ಬಂದರೆ ಏನು ಮಾಡಬೇಕು ಅಂತ ಮನೆಯ ಮಕ್ಕಳಿಗೂ, ಅಡುಗೆಗೆ ಬರುವವರಿಗೂ ಹೇಳಿಕೊಡಿ. ಸ್ವಿಚ್ ಮುಟ್ಟಬಾರದು, ಹಾಕೋದೂ ಬೇಡ, ಆರಿಸೋದೂ ಬೇಡ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಗ್ಯಾಸ್ ಹೋಗುತ್ತದೆ ಅಂತ ಅಂದುಕೊಳ್ಳುತ್ತಾರೆ, ಆ ಸ್ವಿಚ್ಚಿನ ಕಿಡಿಯೇ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ, ಹಾಗಾಗಿ ಕಿಟಕಿ ಮಾತ್ರ ತೆರೆದರೆ ಸಾಲದು, ಬಾಗಿಲೂ ತೆರೆಯಬೇಕು. ರೆಗ್ಯುಲೇಟರ್ ಆಫ್ ಮಾಡಿ, ತೆಗೆದು, ದಾರದಲ್ಲಿ ನೇತಾಡುವ ಪ್ಲಾಸ್ಟಿಕ್ ಕ್ಯಾಪನ್ನು ವಾಲ್ವಿಗೆ ಒತ್ತಿ ಕೂರಿಸಿ. ಆಮೇಲೆ ಎಲ್ಲರೂ ಹೊರಗೆ ಬಂದು, ಹೊರಗಿನಿಂದಲೇ 1906ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುವ ಸಂಖ್ಯೆ ಅದು. ಇಂಥ ದಿನ ಬಾರದಿರಲಿ ಅಂದರೆ ರಾತ್ರಿ ಮಲಗುವಾಗ ಒಲೆಯ ನಾಬ್ ಮಾತ್ರ ಅಲ್ಲ, ರೆಗ್ಯುಲೇಟರನ್ನೂ ಆಫ್ ಮಾಡುವುದು ರೂಢಿಯಾಗಲಿ.

ಹಳ್ಳಿ ಕಡೆಯದು ಬೇರೆಯೇ ಚಿಂತೆ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳಿಗೆ ಮೊದಲ ಸಲ ಗ್ಯಾಸ್ ಬಂತು, ಹೊಗೆಯಿಂದ ಹೆಂಗಸರ ಕಣ್ಣು, ಎದೆ ಉಳಿಯಿತು, ಅದಕ್ಕೆ ಬೆಲೆ ಕಟ್ಟೋಕಾಗಲ್ಲ. ಆದರೆ ಎಷ್ಟೋ ಕಡೆ ಕಟ್ಟೆಯೇ ಇಲ್ಲ. ಒಲೆಯೂ ನೆಲದ ಮೇಲೆ, ಸಿಲಿಂಡರೂ ನೆಲದ ಮೇಲೆ, ಮಾರುದ್ದ ಆಚೆ ಸೌದೆ ಒಲೆ ಉರಿಯುತ್ತಿರುತ್ತದೆ. ಒಲೆ ಯಾವತ್ತೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ನಾಲ್ಕು ಇಟ್ಟಿಗೆ, ಒಂದು ಚಪ್ಪಡಿ ಕಲ್ಲು ಇದ್ದರೆ ಕಟ್ಟೆ ಆಗುತ್ತದೆ. ಊರಿಗೆ ಹೋದಾಗ ಅತ್ತೆ, ಚಿಕ್ಕಮ್ಮನ ಮನೆಯಲ್ಲಿ ಇಷ್ಟು ಮಾಡಿಕೊಟ್ಟು ಬನ್ನಿ, ಸೌದೆ ಒಲೆಯನ್ನು ಬೇರೆ ಕಡೆಗೆ ಸರಿಸಿ.

ಬಾಗಿಲಿಗೆ ಬರುವವರ ವಿಷಯಕ್ಕೆ, ಏಜೆನ್ಸಿಯವರು 5 ವರ್ಷಕ್ಕೊಮ್ಮೆ ತಪಾಸಣೆ ಮಾಡುವ ನಿಯಮ ಇರುವುದು ನಿಜ, ಆ ನಿಯಮದ ಹೆಸರು ಹೇಳಿಕೊಂಡೇ ಇವರು ಬರೋದು. ಹಾಗಾಗಿ ಯಾರೇ ಬಂದರೂ ಗೇಟಿನ ಹೊರಗೇ ನಿಲ್ಲಿಸಿ, ನಿಮ್ಮ ಗ್ಯಾಸ್ ಪುಸ್ತಕದಲ್ಲಿರುವ ಏಜೆನ್ಸಿ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ, ಅವರು ಕೊಡುವ ನಂಬರಿಗೆ ಬೇಡ. ಏಜೆನ್ಸಿಯವರಲ್ಲಿ ನನ್ನ ಬೇಡಿಕೆಯೂ ಒಂದಿದೆ. ಹೊಸ ಕನೆಕ್ಷನ್ ಕೊಡುವ ದಿನ ಮನೆಯ ಎಲ್ಲರನ್ನೂ ನಿಲ್ಲಿಸಿಕೊಂಡು ರೆಗ್ಯುಲೇಟರ್ ತೆಗೆದು ಹಾಕೋದು, ವಾಷರ್ ನೋಡೋದು, ಸೋಪಿನ ನೀರು ಹಚ್ಚೋದು ಮಾಡಿ ತೋರಿಸಿ, ಅವರ ಕೈಯಿಂದಲೂ ಮಾಡಿಸಿ. ಒಲೆ ಕಂಪನಿಗಳು ಡಬ್ಬಿಯಲ್ಲಿ ಇಡುವ ಕೈಪಿಡಿ ನಾನು ನೋಡಿದ ಮಟ್ಟಿಗೆ ಇಂಗ್ಲಿಷು, ಹಿಂದಿಯಲ್ಲೇ ಇರುತ್ತದೆ. ಕರ್ನಾಟಕದಲ್ಲಿ ಮಾರುವ ಒಲೆಯ ಜೊತೆ ದೊಡ್ಡ ಅಕ್ಷರದಲ್ಲಿ, ಚಿತ್ರದ ಜೊತೆ, ಅಡುಗೆಮನೆ ಗೋಡೆಗೆ ಅಂಟಿಸುವ ಹಾಗೆ ಕನ್ನಡದ ಒಂದು ಹಾಳೆ ಇರಲಿ, ಅದರ ಮೇಲ್ಗಡೆಯೇ 1906 ಇರಲಿ.