ಭಂಗಾರದಲ್ಲಿ ಬಂಗಾರ ಹುಡುಕುವ ಹುಡುಗರಿಗೆ

ನಿನ್ನೆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬೆಳಗು ಮಾಡಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಭಾನುವಾರ ಸಂಜೆ ಬೆಳಗಾವಿಯ ವಡಗಾವಿಗೆ, ಅಕ್ಕನ ಮನೆಗೆ ಹೋಗಿದ್ದೆ. ಚಹಾ ಕುಡಿಯುತ್ತಿರುವಾಗ ಮೂಗಿಗೆ ಘಾಟು ಬಡಿಯಿತು. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಕಪ್ಪು ಅಲ್ಲೇ ಬಿಟ್ಟು ಟೆರೇಸಿಗೆ ಓಡಿದೆ. ಸಂಡಿಗೆ ಒಣಹಾಕಿದ್ದ ಹಳೇ ಸೀರೆಯಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ಅಕ್ಕನ ಸ್ಟೀಲ್ ಪಾತೇಲಿ. ಒಳಗೆ ಹಸಿರು ನೀರು. ಅದರ ಮೇಲೆ ಕಂದು ಹೊಗೆ. ಮೇಲಕ್ಕೆ ಹೋಗದೆ ಪಾತೇಲಿಯ ಅಂಚು ದಾಟಿ ಕೆಳಗೆ ಇಳಿಯುತ್ತಿತ್ತು. ನನ್ನ ಅಳಿಯ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು, ಅದರ ಮೇಲೇ ಬಗ್ಗಿ ಕಡ್ಡಿಯಿಂದ ತಿರುವುತ್ತಿದ್ದ. ಹಳೇ ಕಂಪ್ಯೂಟರಿನ ಬೋರ್ಡುಗಳನ್ನು ಆಸಿಡ್ಡಿಗೆ ಹಾಕಿ ಬಂಗಾರ ತೆಗೆಯಲು ಹೊರಟಿದ್ದ.

"ಮಾಮಾ, ಹೆದರಬ್ಯಾಡ್ರಿ. ವಿಡಿಯೋದಾಗ ಹಿಂಗ ತೋರಿಸ್ಯಾರ. ಬಂಗಾರ ಕೆಳಗ ಕೂಡತೈತಿ."

ರಟ್ಟೆ ಹಿಡಿದು ಕೆಳಗೆ ಎಳೆದುಕೊಂಡು ಬಂದೆ. ಅವನಿಗೆ ಒಂಚೂರು ಕೆಮ್ಮು, ಅಷ್ಟೇ. "ಏನೂ ಆಗಿಲ್ಲ" ಅಂತಲೇ ಇದ್ದ. ಆ ಹೊಗೆಯ ಮೋಸ ಇರುವುದೇ ಇಲ್ಲಿ. ಅದು ನೈಟ್ರೋಜನ್ ಡೈಆಕ್ಸೈಡ್. ಕುಡಿದಾಗ ಸ್ವಲ್ಪ ಕೆಮ್ಮು ಬಂದು ನಿಲ್ಲುತ್ತದೆ. ಎಷ್ಟೋ ಗಂಟೆ ಆದಮೇಲೆ, ಕೆಲವೊಮ್ಮೆ ಮರುದಿನ, ಪುಪ್ಪುಸದಲ್ಲಿ ನೀರು ತುಂಬಲು ಶುರುವಾಗುತ್ತದೆ. ಅದಕ್ಕೇ ರಾತ್ರಿಯಿಡೀ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ದೇವರ ದಯೆ, ಬೆಳಿಗ್ಗೆ ಉಸಿರು ಸರಿಯಾಗಿತ್ತು.

ನನ್ನ ಸಿಟ್ಟು ಆ ಹುಡುಗನ ಮೇಲೆ ಅಲ್ಲ. ಆ ವಿಡಿಯೋ ಮಾಡುವವರ ಮೇಲೆ. ಆಸ್ಪತ್ರೆಯಲ್ಲಿ ಕೂತು ಅವನ ಮೊಬೈಲಿನಲ್ಲಿ ಐದಾರು ನೋಡಿದೆ. ಎಲ್ಲದರಲ್ಲೂ ಒಂದೇ ಕಥೆ. ರ‍್ಯಾಮ್ ಕಡ್ಡಿ (ಕಂಪ್ಯೂಟರಿನ ಮೆಮೊರಿ), ಆಸಿಡ್, ಸಂಗೀತ, ಕೊನೆಗೆ ಅಂಗೈ ಮೇಲೆ ಹಳದಿ ಗುಂಡು. ಹೊಗೆ ಎಲ್ಲಿ ಹೋಯಿತು? ಆ ಹಸಿರು ನೀರು ಎಲ್ಲಿ ಹೋಯಿತು? ಒಬ್ಬರೂ ತೋರಿಸಿಲ್ಲ. ಒಬ್ಬರೂ!

ನಮ್ಮ ಊರಲ್ಲಿ ಗುಜರಿಗೆ ಭಂಗಾರ ಅಂತೀವಿ. ಚಿನ್ನಕ್ಕೆ ಬಂಗಾರ. ಒಂದು ಅಕ್ಷರದ ಅಂತರ ಅಷ್ಟೇ ಅನಿಸುತ್ತದೆ ಹುಡುಗರಿಗೆ. ಆದರೆ ಲೆಕ್ಕ ಹಾಕಿ ನೋಡಿ. ಡಿಡಿಆರ್-2 ಅನ್ನುವ ಹಳೇ ನಮೂನೆಯ ಒಂದು ರ‍್ಯಾಮ್ ಕಡ್ಡಿಗೆ 240 ಗೋಲ್ಡ್ ಫಿಂಗರ್, ಅಂದರೆ ಅಂಚಿನಲ್ಲಿ ಚಿನ್ನ ಲೇಪಿಸಿದ ಪುಟ್ಟ ಪಟ್ಟಿಗಳು. ಒಳ್ಳೆಯ ಲೇಪ ಅಂದರೂ ದಪ್ಪ ಸುಮಾರು 0.76 ಮೈಕ್ರಾನ್. ತಲೆಗೂದಲಿನ ದಪ್ಪದಲ್ಲಿ ನೂರನೇ ಒಂದು ಪಾಲು. ಎಲ್ಲ ಸೇರಿಸಿದರೂ ಒಂದು ಕಡ್ಡಿಯ ಫಿಂಗರುಗಳಲ್ಲಿ 7 ಮಿಲಿಗ್ರಾಂ ಸಿಕ್ಕರೆ ಜಾಸ್ತಿ. ಒಂದು ಗ್ರಾಂ ಆಗಬೇಕಾದರೆ 140ಕ್ಕಿಂತ ಹೆಚ್ಚು ಕಡ್ಡಿ ಬೇಕು. ಲೇಪ ತೆಳುವಾಗಿದ್ದರೆ ಇನ್ನೂ ಎಷ್ಟೋ ಬೇಕು. ಆಸಿಡ್ಡಿನ ಖರ್ಚು, ಗಾಜಿನ ಪಾತ್ರೆಯ ಖರ್ಚು ಬೇರೆ. ನನ್ನ ಅಳಿಯನ ಹತ್ತಿರ ಇದ್ದದ್ದು ಹನ್ನೊಂದು ಕಡ್ಡಿ, ಎರಡು ಮದರ್‌ಬೋರ್ಡ್.

ಅದನ್ನೂ ಹಾಗೇ ಇಡಿಯಾಗಿ ಆಸಿಡ್ಡಿಗೆ ಹಾಕಿದ್ದ. ಹೊಸಬರೆಲ್ಲ ಮಾಡುವ ತಪ್ಪು ಇದೇ. ತೇಜಾಬ್ ಅಂದರೆ ನೈಟ್ರಿಕ್ ಆಸಿಡ್, ಅದೊಂದೇ ಚಿನ್ನವನ್ನು ಕರಗಿಸುವುದಿಲ್ಲ. ಹೈಡ್ರೋಕ್ಲೋರಿಕ್ ಕೂಡ ಒಂದೇ ಕರಗಿಸುವುದಿಲ್ಲ. ಎರಡೂ ಕೂಡಿದರೆ ಕರಗುತ್ತದೆ. ಆದರೆ ಬೋರ್ಡಿನಲ್ಲಿ ಚಿನ್ನ ಕಣದಷ್ಟು, ತಾಮ್ರ ರಾಶಿ. ಆಸಿಡ್ಡಿನ ಜೋರೆಲ್ಲ ತಾಮ್ರಕ್ಕೇ ಮುಗಿಯುತ್ತದೆ. ಅಲ್ಪಸ್ವಲ್ಪ ಕರಗಿದ ಚಿನ್ನವೂ ಉಳಿದ ತಾಮ್ರದ ಮೇಲೆ ಕಪ್ಪು ಪುಡಿಯಾಗಿ ವಾಪಸ್ ಕೂತುಬಿಡುತ್ತದೆ. ಬೆಸುಗೆಯ ತವರ ಗಂಜಿಯಾಗಿ ಸೋಸುವ ಕಾಗದವನ್ನು ಕಟ್ಟಿಹಾಕುತ್ತದೆ. ಇನ್ನು ಸ್ಟೀಲ್ ಪಾತೇಲಿಯನ್ನು ಆಸಿಡ್ಡೇ ತಿನ್ನುತ್ತದೆ.

ಈಗ ಒಂದು ಮಾತು ಹೇಳಬೇಕು. ನನ್ನ ಹೆಂಡತಿ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಎಂಟು ವರ್ಷದ ಹಿಂದೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನೂ ಇದನ್ನೇ ಮಾಡಿದ್ದೆ. ಕಿಟಕಿ ಅರ್ಧ ತೆರೆದಿತ್ತು. ಮೂರು ರಾತ್ರಿ ಕೆಮ್ಮಿದೆ. ಆಗ ಅವಳಿಗೂ ಧೂಳು ಅಂತ ಸುಳ್ಳು ಹೇಳಿದ್ದೆ. ಒಂದು ಬಕೆಟ್ ಹಸಿರು ನೀರು ಉಳಿದಿತ್ತು. ಅದನ್ನು ಯಾರೂ ಇಲ್ಲದ ಹೊತ್ತು ನೋಡಿ ಗಟಾರಕ್ಕೆ ಸುರಿದೆ. ಆ ಗಟಾರದ ನೀರು ಬಳ್ಳಾರಿ ನಾಲಾ ಸೇರುತ್ತದೆ. ಮಳೆಗಾಲದಲ್ಲಿ ನಾಲಾ ಉಕ್ಕಿ ಶಹಾಪುರ, ವಡಗಾವಿ ಶಿವಾರದ ಭತ್ತದ ಗದ್ದೆಗೆ ನುಗ್ಗುವುದು ನಿಮಗೆಲ್ಲ ಗೊತ್ತೇ ಇದೆ. ತಾಮ್ರ, ನಿಕ್ಕಲ್, ಸೀಸ ಎಲ್ಲ ಇದ್ದ ನೀರು ಅದು. ಸುರಿದದ್ದು ನಾನೇ. ಆ ಗದ್ದೆಯ ಅಕ್ಕಿ ಈಗಲೂ ನಮ್ಮ ಮನೆಗೆ ಬರುತ್ತದೆ.

ಅದಾದ ಮೇಲೆ ಶಹಾಪುರದ ಒಬ್ಬ ಪತ್ತಾರ (ಅಕ್ಕಸಾಲಿ) ಕಾಕಾ ನನ್ನನ್ನು ಕೂರಿಸಿಕೊಂಡು ಕಲಿಸಿದರು. ಮೊದಲ ಆರು ತಿಂಗಳು ಆಸಿಡ್ ಮುಟ್ಟಲು ಬಿಡಲಿಲ್ಲ. ಬರೀ ಆರಿಸುವುದು, ಕತ್ತರಿಸುವುದು. ಫಿಂಗರ್ ಬೇರೆ, ಪಿನ್ ಬೇರೆ, ಹಳೇ ಸಿರಾಮಿಕ್ ಪ್ರೊಸೆಸರ್ ಬೇರೆ. ಯಾವುದು ಚಿನ್ನ, ಯಾವುದು ಬರೀ ಹಿತ್ತಾಳೆಯ ಹೊಳಪು ಅನ್ನುವುದು ಕಣ್ಣಿಗೆ ಕೂರಲು ಅಷ್ಟು ದಿನ ಬೇಕೇ ಬೇಕು. ಆಮೇಲೆ ಗಾಳಿ ಎಳೆಯುವ ಗೂಡಿನಲ್ಲಿ, ಗಾಜಿನ ಪಾತ್ರೆಯಲ್ಲಿ, ಫಿಂಗರುಗಳ ಕೆಳಗಿನ ತಾಮ್ರವನ್ನಷ್ಟೇ ನಿಧಾನಕ್ಕೆ ಕರಗಿಸಿದೆವು. ದಿನಗಟ್ಟಲೆ ಹಿಡಿಯಿತು. ಒಂದು ಬೆಳಿಗ್ಗೆ ನೋಡಿದರೆ ಚಿನ್ನದ ಪದರಗಳು ಬಿಡಿಸಿಕೊಂಡು ತೇಲುತ್ತಿದ್ದವು. ಅಲುಗಿಸಿದರೆ ಮಡಚಿಕೊಳ್ಳುತ್ತಿದ್ದವು, ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. ಅದನ್ನು ನೋಡಿದ ಖುಷಿ ಇವತ್ತಿಗೂ ಹೋಗಿಲ್ಲ. ಆ ಪದರಗಳನ್ನಷ್ಟೇ ತೊಳೆದು ಕರಗಿಸಿ, ಕರಗಿದ ಚಿನ್ನವನ್ನು ಮತ್ತೆ ಗಟ್ಟಿಯಾಗಿ ಕೆಳಗಿಳಿಸಿದಾಗ ತಳದಲ್ಲಿ ಕೂತದ್ದು ಕಂದು ಪುಡಿ. ಚಹಾಪುಡಿಯ ಧೂಳಿನ ಹಾಗೆ ಇತ್ತು. ಇದೇನಾ ಅಂದೆ. ಕಾಕಾ ಮೂಸೆಗೆ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿ ಬೆಂಕಿ ಊದಿದರು. ಪುಡಿ ಒಟ್ಟಾಗಿ, ನಡುಗಿ, ಸಾಸಿವೆಗಿಂತ ತುಸು ದೊಡ್ಡ ಹಳದಿ ಮಣಿಯಾಯಿತು.

"ಹಂಗಾದ್ರ ಪತ್ತಾರರು ತಲೆಮಾರಿನಿಂದ ಮಾಡಾಕತ್ತಾರಲ್ಲ, ಅವರಿಗೇನಾಗೈತಿ?" ಅಂತ ಆಸ್ಪತ್ರೆಯಲ್ಲೇ ಕೇಳಿದ ಅಳಿಯ. ಅವರ ಕೈಗೆ ಬರುವುದು ಆಭರಣದ ಚೂರು, ಬಹುಪಾಲು ಚಿನ್ನ. ಬೇಕಾಗುವ ಆಸಿಡ್ ಕಮ್ಮಿ. ಬೋರ್ಡು ಹತ್ತಾರು ಲೋಹ, ಪ್ಲಾಸ್ಟಿಕ್ಕುಗಳ ಕಲಸುಮೇಲೋಗರ. ಮತ್ತೆ ಅವರಿಗೇನೂ ಆಗಿಲ್ಲ ಅಂದವರು ಯಾರು? ಕಾಕಾನ ಎಡಗೈ ಬೆರಳುಗಳನ್ನು ನಾನು ನೋಡಿದ್ದೇನೆ. ಅವರ ಕೆಮ್ಮು ಕೇಳಿದ್ದೇನೆ.

ಆಮೇಲೆ ಟೋಕಿಯೋ ಒಲಿಂಪಿಕ್ಸಿನ ಮಾತು ತೆಗೆದ. ಅಲ್ಲಿಯ ಪದಕಗಳೆಲ್ಲ ಹಳೇ ಮೊಬೈಲ್, ಕಂಪ್ಯೂಟರಿನಿಂದಲೇ ಆದವಲ್ಲ ಅಂತ. ನಿಜ. 78,985 ಟನ್ ಹಳೇ ಸಾಮಾನು ಕೂಡಿಸಿ 32 ಕೆಜಿ ಚಿನ್ನ ತೆಗೆದರು. ಆದರೆ ಅದನ್ನು ದೊಡ್ಡ ಕಾರ್ಖಾನೆಗಳು ಮಾಡಿದವು, ಯಾರ ಮನೆಯ ಟೆರೇಸಿನ ಮೇಲೂ ಅಲ್ಲ. ನಮ್ಮಲ್ಲೂ 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ. ನೋಂದಣಿ ಇಲ್ಲದವರು ಈ ಕೆಲಸ ಮಾಡುವಂತಿಲ್ಲ. ಅದಕ್ಕೇ ನಾನೂ ಆಸಿಡ್ ಬಿಟ್ಟೆ. ಈಗ ಆರಿಸಿ, ಕತ್ತರಿಸಿ, ಬೇರೆ ಬೇರೆ ಚೀಲ ಮಾಡಿ ನೋಂದಾಯಿತ ರೀಸೈಕ್ಲಿಂಗ್‌ನವರಿಗೆ ಕೊಡುತ್ತೇನೆ. ಕಲಸಿದ ಭಂಗಾರಕ್ಕಿಂತ ಆರಿಸಿದ್ದಕ್ಕೆ ರೇಟು ಜಾಸ್ತಿ ಸಿಗುತ್ತದೆ. ಹೊಸ ಹುಡುಗರು ಇದನ್ನೇ ಕಲಿಯಲಿ. ಈ ವಿಡಿಯೋದವರು ಇದನ್ನು ಯಾಕೆ ತೋರಿಸುವುದಿಲ್ಲ? ಹೊಗೆ ಎಲ್ಲಿ, ನೀರು ಎಲ್ಲಿ ಅಂತ ಯಾಕೆ ಹೇಳುವುದಿಲ್ಲ? ನೋಡುವವನು ಹತ್ತೊಂಬತ್ತು ವರ್ಷದ ಹುಡುಗ, ಅವನ ತಾಯಿ ಕೆಳಗೆ ಚಹಾ ಸೋಸುತ್ತಿದ್ದಾಳೆ ಅನ್ನುವುದು ಅವರಿಗೆ ಗೊತ್ತಾಗುವುದಿಲ್ವಾ?

ಇವತ್ತು ಮಧ್ಯಾಹ್ನ ಇಬ್ಬರೂ ಟೆರೇಸಿಗೆ ಹೋದೆವು. ಅವನನ್ನು ದೂರ, ಗಾಳಿ ಬರುವ ಕಡೆ ನಿಲ್ಲಿಸಿದೆ. ಪಾತೇಲಿಯ ತಳ ಸವೆದು ತೂತು ಬಿದ್ದಿತ್ತು, ನೆಲದ ಮೇಲೆ ಹಸಿರು ಕಲೆ. ಉಳಿದ ನೀರನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ, ತೆಳು ಮಾಡಿ, ಉದ್ಯಮಬಾಗದ ಗೆಳೆಯ ಕೊಟ್ಟ ಕಬ್ಬಿಣದ ಚೂರುಗಳನ್ನು ಒಂದೊಂದೇ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅವುಗಳ ಮೇಲೆಲ್ಲ ಕೆಂಪಗೆ ತಾಮ್ರ ಕೂತಿತು.

"ಮಾಮಾ, ಬಂಗಾರ ಎಲ್ಲೈತಿ?" ಅಂತ ಕೇಳಿದ. ಬೋರ್ಡಿನ ತಾಮ್ರದ ಮೇಲಿನ ಕಪ್ಪು ಪುಡಿ ತೋರಿಸಿದೆ. ಬಹಳ ಹೊತ್ತು ಅದನ್ನೇ ನೋಡಿದ.

ನೀರು, ಪುಡಿ ಎಲ್ಲವನ್ನೂ ಮುಚ್ಚಳದ ಡಬ್ಬಿಗಳಿಗೆ ತುಂಬಿದೆವು. ಮುಂದಿನ ವಾರ ನನ್ನ ಚೀಲಗಳ ಜೊತೆ ಹೋಗುತ್ತವೆ. ಡಬ್ಬಿಗಳ ಮೇಲೆ "ವಿಷ, ಗಟಾರಕ್ಕೆ ಚೆಲ್ಲಬೇಡಿ" ಅಂತ ಚೀಟಿ ಅಂಟಿಸಿದ್ದೇವೆ. ಬರೆದದ್ದು ಅವನೇ.