ಸತ್ಯಾಂಶ: ಸೆಕ್ಷನ್ 233ರಲ್ಲಿ ನಿಜಕ್ಕೂ ಏನಿದೆ?

ಅತ್ಯಾಚಾರಕ್ಕೆ ಬಂದವನನ್ನು ಕೊಂದರೂ ಹೆಣ್ಣುಮಕ್ಕಳ ಮೇಲೆ ಕೇಸ್ ಹಾಕುವಂತಿಲ್ಲ, ಸೆಕ್ಷನ್ 233 ಅಂತ ಹೊಸ ಕಾನೂನು ಬಂದಿದೆ ಎಂಬ ಮೆಸೇಜ್ ವರ್ಷಗಳಿಂದ ಸುತ್ತುತ್ತಿದೆ. ಕಳಿಸುವವರ ಕಾಳಜಿ ನಿಜವಾದದ್ದೇ. ಆದರೆ ಅಂಥ ಹೊಸ ಕಾನೂನು ಬಂದಿಲ್ಲ.

ಹಳೆಯ ದಂಡ ಸಂಹಿತೆಯ 233 ಇದ್ದದ್ದು ಖೋಟಾ ನಾಣ್ಯ ಮಾಡುವ ಸಲಕರಣೆಗಳ ಬಗ್ಗೆ! 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 233 ಸುಳ್ಳು ಸಾಕ್ಷ್ಯ ಬಳಸುವುದಕ್ಕೆ ಸಂಬಂಧಿಸಿದ್ದು.

ಹಾಗಂತ ಆತ್ಮರಕ್ಷಣೆಯ ಹಕ್ಕೇ ಇಲ್ಲ ಅಂತಲ್ಲ. 1860ರ ಆ ಹಳೆಯ ಸಂಹಿತೆಯ 100ನೇ ಸೆಕ್ಷನ್‌ನಲ್ಲೇ ಅದಿತ್ತು, ಈಗ ನ್ಯಾಯ ಸಂಹಿತೆಯ 38ನೆಯದರಲ್ಲಿದೆ. ಸಾವು, ತೀವ್ರ ಗಾಯ, ಅತ್ಯಾಚಾರದಂಥ ಅಪಾಯ ಎದುರಾಗಿ, ಅಗತ್ಯಕ್ಕಿಂತ ಜಾಸ್ತಿ ಬಲ ಬಳಸದಿದ್ದರೆ, ದಾಳಿಕೋರನ ಪ್ರಾಣ ಹೋದರೂ ಅಪರಾಧವಲ್ಲ. ಇದು ಗಂಡಸರಿಗೂ ಅನ್ವಯ.

ತೊಡಕು ಬೇರೆ ಕಡೆ ಇದೆ. ಕೇಸ್ ದಾಖಲಾಗಬಹುದು, ತನಿಖೆಯೂ ನಡೆಯುತ್ತದೆ. ಆತ್ಮರಕ್ಷಣೆ ಎಂದು ತೋರಿಸುವ ಹೊಣೆ ಆರೋಪಿಯದು. ಚೂರೂ ಸಂಶಯ ಉಳಿಯದಂತೆ ಸಾಬೀತು ಮಾಡಬೇಕಿಲ್ಲ, ಹಾಗಿರುವ ಸಾಧ್ಯತೆಯೇ ಜಾಸ್ತಿ ಎಂದು ಕಂಡರೆ ಸಾಕು. ದಾಳಿಕೋರ ಓಡಿಹೋಗುವಾಗ ಹೊಡೆದಿದ್ದರೆ? ಅಪಾಯ ಮುಗಿದಿತ್ತು ಎಂಬ ವಾದ ಬರುತ್ತದೆ. ಸದುದ್ದೇಶದಿಂದಲೇ ಮಿತಿ ಮೀರಿದ್ದರೆ ಅದು ಕೊಲೆಯಾಗುವುದಿಲ್ಲ, ಕೊಲೆಯಲ್ಲದ ನರಹತ್ಯೆಯಾಗುತ್ತದೆ. ಅದಕ್ಕೂ ಜೀವಾವಧಿಯವರೆಗೆ ಶಿಕ್ಷೆ ಸಾಧ್ಯ. ಕ್ಷಣದ ಗಾಬರಿಗೆ ಇಷ್ಟು ಕಠಿಣ ಶಿಕ್ಷೆಯಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅಂಥ ಹೊತ್ತಿನ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಲಾಗದು ಎಂದು ನ್ಯಾಯಾಲಯಗಳೂ ಹೇಳಿವೆ.

ಮೆಸೇಜಿನಲ್ಲಿ ಕಾಯ್ದೆಯ ಪೂರ್ತಿ ಹೆಸರು, ಜಾರಿಯಾದ ದಿನಾಂಕ ಇದೆಯಾ ನೋಡಿ. ಬರೀ ನಂಬರ್ ಇದ್ದರೆ, ಕೇಂದ್ರ ಸರ್ಕಾರದ ಕಾಯ್ದೆಗಳ ಜಾಲತಾಣದಲ್ಲಿ ಆ ನಂಬರಿನ ಸೆಕ್ಷನ್ ತೆಗೆಯಿರಿ. ತಲೆಬರಹ ಓದಿದರೂ ವಿಷಯ ಗೊತ್ತಾಗುತ್ತದೆ.