ವೈರಲ್ ನ್ಯುಮೋನಿಯಾಕ್ಕೆ ಆಂಟಿಬಯಾಟಿಕ್ ಬೇಕೇ ಬೇಕೇ?

ವೈರಲ್ ನ್ಯುಮೋನಿಯಾ ಎಂದ ಕೂಡಲೇ ಆಂಟಿಬಯಾಟಿಕ್ ಶುರು ಮಾಡಿ ಎನ್ನುವ ಸಂದೇಶ ಮತ್ತೆ ಮತ್ತೆ ಬರುತ್ತದೆ. ಕಳಿಸುವವರದು ಕಾಳಜಿಯೇ, ಆದರೆ ಮಾಹಿತಿ ತಪ್ಪು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸನ್ನಲ್ಲ.

ಜೊತೆಗೆ ಬ್ಯಾಕ್ಟೀರಿಯಾ ಸೋಂಕೂ ತಗಲುವುದುಂಟು, ನಿಜ. ವೆಂಟಿಲೇಟರ್‌ನಲ್ಲಿ ಇರುವವರಿಗೆ ಆ ಅಪಾಯ ಹೆಚ್ಚು. ಅದಕ್ಕೇ ಕಫ, ರಕ್ತದ ಕಲ್ಚರ್ (ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆಯೇ ಎಂದು ನೋಡುವ ಪರೀಕ್ಷೆ) ಮಾಡಿಸುತ್ತಾರೆ. ವರದಿಗೆ ಎರಡು ಮೂರು ದಿನ ಬೇಕು. ಸ್ಥಿತಿ ಗಂಭೀರವಿದ್ದರೆ ಔಷಧ ಮೊದಲೇ ಶುರುಮಾಡಿ, ವರದಿ ನೋಡಿ ನಿಲ್ಲಿಸುವುದೂ ಇದೆ. ಆದರೆ 2020–23ರಲ್ಲಿ ಕೋವಿಡ್‌ನಿಂದ ಆಸ್ಪತ್ರೆ ಸೇರಿದವರಲ್ಲಿ ಅಂಥ ಸೋಂಕು ಇದ್ದದ್ದು ಸುಮಾರು ಶೇ 8ರಷ್ಟು ಮಂದಿಗೆ, ಆಂಟಿಬಯಾಟಿಕ್ ಕೊಟ್ಟಿದ್ದು ಸುಮಾರು ಶೇ 75ರಷ್ಟು ಮಂದಿಗೆ. ಬೇಡದ ಕಡೆ ಬಳಸಿದಷ್ಟೂ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತವೆ.

ಸಂದೇಶ ಬಂದಾಗ ಆ ಔಷಧದ ಮಾಹಿತಿ ಚೀಟಿ ಓದಿ; ಯಾವ ಸೋಂಕಿಗೆ ಎಂದು ಅದರಲ್ಲೇ ಇರುತ್ತದೆ. ವೈದ್ಯರು ಬರೆದುಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ, ಕಲ್ಚರ್ ವರದಿಯಲ್ಲಿ ಏನು ಬಂತು ಎಂದು ಕೇಳಿ.